ನಕಲಿ ತಂತಿಯ ಅಸಲು ಪರೀಕ್ಷೆ

ಒಡಿಶಾದ ತಾಲ್ಚೇರಿನಿಂದ ನಮ್ಮ ಕೋಲಾರದವರೆಗೆ 1300 ಕಿಲೋಮೀಟರಿಗೂ ಮಿಕ್ಕಿದ ವಿದ್ಯುತ್ ಮಾರ್ಗವೊಂದು 2003ರಿಂದ ನಡೆಯುತ್ತಿರುವುದನ್ನು ವಾಚಕರಲ್ಲಿ ಎಷ್ಟು ಮಂದಿ ಬಲ್ಲರೋ ಅರಿಯೆವು. ಅದರಲ್ಲಿ ಹರಿಯುವುದು ಮನೆಯ ದೀಪಕ್ಕೆ ಬರುವ ಎ.ಸಿ. ಅಲ್ಲ, 5 ಲಕ್ಷ ವೋಲ್ಟಿನ ಡಿ.ಸಿ. ತಾಲ್ಚೇರಿನಲ್ಲಿ ಎ.ಸಿ.ಯನ್ನು ಡಿ.ಸಿ.ಯಾಗಿಯೂ, ಕೋಲಾರದಲ್ಲಿ ಮರಳಿ ಎ.ಸಿ.ಯಾಗಿಯೂ ಮಾರ್ಪಡಿಸುವ ಪರಿವರ್ತಕಗಳಿಗೆ ಥೈರಿಸ್ಟರುಗಳೆಂಬ ಬಾಗಿಲುಗಳುಂಟು. ಸೆಕೆಂಡಿಗೆ 50 ಬಾರಿ ಅವು ಸರದಿಯಂತೆ ತೆರೆಯಬೇಕು. ಹೊತ್ತು ತಪ್ಪಿತೋ, ಸಾಗಣೆಯೇ ಕುಸಿಯುವುದು.

ಆ ಹೊತ್ತನ್ನು ಕಾಯುವ ನಿಯಂತ್ರಣ ಯಂತ್ರವನ್ನು ಪರೀಕ್ಷಿಸುವುದೆಂತು? ಹೊಸ ಅಡಿಗೆಭಟ್ಟನ ಕೈಗುಣವನ್ನು ಮದುವೆಯ ದಿನವೇ ನೋಡುವುದುಂಟೆ? 2500 ಮೆಗಾವಾಟ್ ಸಾಗಿಸಬಲ್ಲ ಮಾರ್ಗದಲ್ಲಿ ಬೇಕೆಂದೇ ದೋಷ ಹುಟ್ಟಿಸಲಾಗದು. ಆದುದರಿಂದ ತಂತಿ, ಪರಿವರ್ತಕ, ದೋಷ ಎಲ್ಲವನ್ನೂ ಲೆಕ್ಕದ ರೂಪದಲ್ಲಿ ಗಣಕಯಂತ್ರದೊಳಗಿಟ್ಟು, ನಿಜವಾದ ನಿಯಂತ್ರಣ ಯಂತ್ರವನ್ನು ಅದಕ್ಕೆ ಜೋಡಿಸುವರು. ತಾನು ಆಳುತ್ತಿರುವುದು ನಿಜದ ಮಾರ್ಗವನ್ನೇ ಎಂಬಂತೆ ಅದು ಆಜ್ಞೆ ಕಳುಹಿಸುತ್ತಿರುವುದು. ಇದೇ ರಿಯಲ್ ಟೈಮ್ ಸಿಮ್ಯುಲೇಶನ್. ನಾವಾದರೋ ತತ್ಕಾಲ ಅನುಕರಣವೆನ್ನುವೆವು.

ಇಲ್ಲಿ ಉತ್ತರ ತಡವಾಗಕೂಡದು. ಸಾಮಾನ್ಯವಾಗಿ ಒಂದು ಸೆಕೆಂಡನ್ನು 20,000 ಪಾಲು ಮಾಡಿ, ಪ್ರತಿಯೊಂದು ಪಾಲಿನ ಲೆಕ್ಕವನ್ನೂ ಆ ಪಾಲಿನೊಳಗೇ ಮುಗಿಸಬೇಕು. ಬಾಗಿಲುಗಳು ಇನ್ನೂ ಬೇಗಬೇಗ ಬಡಿದುಕೊಳ್ಳುವ ಹೊಸ ಬಗೆಯ ಪರಿವರ್ತಕಗಳಿಗೆ ಅದೂ ಸಾಲದು. ಪಾಲು ಹತ್ತಾರು ಪಟ್ಟು ಸಣ್ಣದಾಗಬೇಕು. ಸರಿಯುತ್ತರವೂ ತಡವಾಗಿ ಬಂದರೆ ನಿಷ್ಪ್ರಯೋಜಕ, ಗಿರಾಕಿ ಎದ್ದುಹೋದ ಮೇಲೆ ಬಂದ ದೋಸೆಯಂತೆ!

ಕೆನಡಾದ ಮಾನಿಟೋಬದಲ್ಲಿ 1980ರ ದಶಕದಲ್ಲಿ ರೂಪುಗೊಳ್ಳತೊಡಗಿದ ಇಂತಹ ಯಂತ್ರ ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಗೂ ಬಂದಿದೆ. ಅದರೊಳಗೆ ತಂತಿ ದಿನಕ್ಕೆ ನೂರು ಸಲ ಕಡಿದುಬೀಳಬಹುದು. ಕೋಲಾರದ ಒಂದು ದೀಪವೂ ಮಂಕಾಗದು.