ಚಿಪ್ಪು, ಏಡಿ, ಚಗಳಿ: ತಟ್ಟೆಗೆ ಬರುವ ಸಣ್ಣ ಜೀವಗಳು

ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧ. ಗಂಗೊಳ್ಳಿ ಮತ್ತು ಹಂಗಾರಕಟ್ಟೆಯಲ್ಲಿ ದೋಣಿಗಳು ದಡ ಸೇರುತ್ತವೆ, ಪೇಟೆಯಲ್ಲಿ ಹಸಿಮೀನಿನ ಬೆಲೆ ಏರುತ್ತದೆ. ಕಾನೂನು ಬಂದದ್ದು ಇತ್ತೀಚೆಗೆ. ಅದಕ್ಕೂ ಮೊದಲು ಮಳೆಗಾಲದ ಕಡಲೇ ಬಾಗಿಲು ಹಾಕಿಕೊಳ್ಳುತ್ತಿತ್ತು. ಕುಂದಾಪುರದ ಕಡೆಯವರು ‘ಆಸಾಡಿ’ ಎಂದು ಕರೆಯುವ ಆ ತಿಂಗಳಲ್ಲಿ ಮನೆಯ ಅಕ್ಕಿಯೂ ತಳ ಕಾಣುತ್ತಿತ್ತು, ಕೂಲಿಯೂ ಇರುತ್ತಿರಲಿಲ್ಲ. ಹಲಸಿನ ಬೀಜ, ಕೆಸು, ಕಳಲೆ, ಒಣಮೀನು ಇವಿಷ್ಟರಲ್ಲೇ ದಿನ ನೂಕಬೇಕಿತ್ತು. ಆಗ ಬಡವರ ಕಣ್ಣು ಹೊರಳುತ್ತಿದ್ದುದು ಗದ್ದೆ, ತೋಡು ಮತ್ತು ಕಾಡಂಚಿನ ಸಣ್ಣ ಜೀವಗಳ ಕಡೆಗೆ.

ಇವುಗಳಲ್ಲಿ ಮೊದಲ ಮರ್ಯಾದೆ ಏಡಿಗೆ. ಗದ್ದೆಯಂಚಿನಲ್ಲಿ ಬಿಲ ಕೊರೆದು ನಿಂತ ನೀರನ್ನೆಲ್ಲ ಸೋರಿ ಹೋಗುವಂತೆ ಮಾಡುವ ಏಡಿ ರೈತನಿಗೆ ಶತ್ರು. ಹಿಡಿದರೆ ಗದ್ದೆಯೂ ಉಳಿಯಿತು, ಸಾರೂ ಆಯಿತು! ಒಣ ತೆಂಗಿನ ಗರಿಯ ಸೂಡಿ ಹೊತ್ತಿಸಿ, ಮಳೆ ಬಿಟ್ಟ ರಾತ್ರಿ ತೋಡಿನ ಬದಿಯಲ್ಲಿ ನಡೆದರೆ ಬೆಳಕಿಗೆ ಏಡಿ ಕಕ್ಕಾಬಿಕ್ಕಿಯಾಗಿ ನಿಲ್ಲುತ್ತದೆ. ಹಿಂದಿನಿಂದ ಬೆನ್ನಚಿಪ್ಪನ್ನು ಅದುಮಿ ಹಿಡಿಯುವುದು ಗೊತ್ತಿಲ್ಲದವನ ಬೆರಳು ಕೊಂಬಿಗೆ ಸಿಗುವುದು ನಿಶ್ಚಿತ. ಶೀತ, ಕೆಮ್ಮಿಗೆ ಏಡಿ ಸಾರು ಒಳ್ಳೆಯದೆಂಬ ನಂಬಿಕೆ ಇಂದಿಗೂ ಇದೆ. ಗುಣ ಏಡಿಯದೋ, ಅದಕ್ಕೆ ಹಾಕುವ ಕಾಳುಮೆಣಸಿನದೋ ಎಂಬುದು ಬೇರೆ ಪ್ರಶ್ನೆ.

‘ಹುಣ್ಣಿಮೆ ಏಡಿ ಪೊಳ್ಳು, ಅಮಾವಾಸ್ಯೆ ಏಡಿ ಗಟ್ಟಿ’ ಎಂಬ ಮಾತು ಕರಾವಳಿಯುದ್ದಕ್ಕೂ ಕೇಳಿಬರುತ್ತದೆ. ಇದರ ಹಿಂದೆ ಒಂದು ಸತ್ಯ ಇದ್ದೇ ಇದೆ. ಏಡಿಯ ಮೈ ಬೆಳೆದರೂ ಚಿಪ್ಪು ಬೆಳೆಯುವುದಿಲ್ಲ. ಆದ್ದರಿಂದ ಅದು ಆಗಾಗ್ಗೆ ಹಳೆ ಚಿಪ್ಪನ್ನು ಕಳಚಿ, ನೀರು ಹೀರಿ ಮೈ ಉಬ್ಬಿಸಿಕೊಂಡು, ದೊಡ್ಡದೊಂದು ಹೊಸ ಚಿಪ್ಪು ಕಟ್ಟಿಕೊಳ್ಳುತ್ತದೆ. ಹೊಸ ಚಿಪ್ಪಿನೊಳಗೆ ಮಾಂಸ ತುಂಬಲು ಕೆಲವು ದಿನ ಬೇಕು. ಅಷ್ಟರೊಳಗೆ ಸಿಕ್ಕಿದ ಏಡಿಯನ್ನು ಒಡೆದರೆ ಬರೀ ನೀರು. ಚಂದ್ರನ ಲೆಕ್ಕ ಪ್ರತಿ ಏಡಿಗೂ ಹೊಂದದಿದ್ದರೂ, ‘ಪೊಳ್ಳು ಏಡಿ’ ಸುಳ್ಳಲ್ಲ.

ಬ್ರಹ್ಮಾವರದ ಕಡೆ ತುಳುವಿನ ನೆರಳು ಬೀಳತೊಡಗುತ್ತದೆ, ಹೆಸರುಗಳೂ ಬದಲಾಗುತ್ತವೆ. ತುಳುವರಿಗೆ ಏಡಿ ‘ದೆಂಜಿ’, ನೀರಿನ ಬಸವನಹುಳು ‘ನರ್ತೆ’, ಕಪ್ಪೆಚಿಪ್ಪು ‘ಮರುವಾಯಿ’.

ಈ ಚಿಪ್ಪಿನ ಕಾಲ ಮಾತ್ರ ಬೇರೆ. ಮಳೆಗಾಲದ ಪ್ರವಾಹದಲ್ಲಿ ಅಳಿವೆಯ ನೀರು ಸಿಹಿಯಾದಾಗ ಚಿಪ್ಪುಜೀವಿಗಳು ಸಾಯುವುದುಂಟು. ಮಳೆ ಮುಗಿದು, ಉಪ್ಪು ಮತ್ತೆ ಏರಿದ ಮೇಲೆ ಅವುಗಳ ಸುಗ್ಗಿ. ಸೌಪರ್ಣಿಕಾ, ವಾರಾಹಿ, ಚಕ್ರಾ ಮೊದಲಾದ ಐದು ನದಿಗಳು ಕೂಡುವ ಕುಂದಾಪುರ–ಗಂಗೊಳ್ಳಿಯ ಪಂಚಗಂಗಾವಳಿ, ಸೀತಾ–ಸುವರ್ಣಾ ನದಿಗಳು ಕಡಲು ಸೇರುವ ಕೋಡಿ ಬೆಂಗ್ರೆ ಇವೆರಡೂ ಚಿಪ್ಪಿಗೆ ಹೇಳಿ ಮಾಡಿಸಿದ ಜಾಗಗಳು. ನೀರಿಳಿದ ಹೊತ್ತಿನಲ್ಲಿ ಸೊಂಟಮಟ್ಟ ನೀರಿಗಿಳಿದು, ಕಾಲಿನಲ್ಲೇ ಮರಳನ್ನು ತಡವಿ, ಬುಟ್ಟಿಗೆ ಹಾಕಿಕೊಳ್ಳುವ ಕೆಲಸಕ್ಕೆ ದೋಣಿ ಬೇಡ, ಬಲೆ ಬೇಡ, ಬಂಡವಾಳವಂತೂ ಬೇಡವೇ ಬೇಡ. ಸ್ವಂತ ದೋಣಿಯಿಲ್ಲದ ಮನೆಯ ಹೆಂಗಸರಿಗೆ ಇದು ಊಟವೂ ಹೌದು, ನಾಲ್ಕು ಕಾಸಿನ ದಾರಿಯೂ ಹೌದು.

ತಂದ ಚಿಪ್ಪನ್ನು ಕೆಲವು ಗಂಟೆ ಉಪ್ಪುನೀರಿನಲ್ಲಿಟ್ಟರೆ ಅದು ಒಳಗಿನ ಮರಳನ್ನು ಹೊರಹಾಕುತ್ತದೆ. ಬಳಿಕ ಮೆಟ್ಟುಕತ್ತಿಯಲ್ಲಿ ಬಿಡಿಸುವುದು, ಇಲ್ಲವೇ ಬಿಸಿನೀರಿಗೆ ಹಾಕಿ ಬಾಯಿ ತೆರೆಸುವುದು. ಕಾಯಿತುರಿ, ಮಸಾಲೆ ಬಿದ್ದು ಸುಕ್ಕ ಆದ ಮೇಲೆ ಚಿಪ್ಪು ತಿಪ್ಪೆಗೆ ಹೋಗುತ್ತಿರಲಿಲ್ಲ. ಅದನ್ನು ಸುಣ್ಣದ ಗೂಡಿನಲ್ಲಿ ಸುಟ್ಟು ಸುಣ್ಣ ಮಾಡುತ್ತಿದ್ದರು. ಅದೇ ಸುಣ್ಣ ಗೋಡೆಗೆ, ವೀಳ್ಯಕ್ಕೆ, ಅಡಿಕೆ ಕೊಳೆರೋಗಕ್ಕೆ ಸಿಂಪಡಿಸುವ ಮೈಲುತುತ್ತಿನ ಜತೆಗೆ. ಚಿಪ್ಪಿನ ಮಾಂಸವನ್ನು ಮುಟ್ಟದ ಮನೆಯವರೂ ಅದರ ಸುಣ್ಣವನ್ನು ಎಲೆಗೆ ಹಚ್ಚಿ ಮೆಲ್ಲುತ್ತಿದ್ದರೆಂಬುದು ಸ್ವಾರಸ್ಯದ ಸಂಗತಿ.

ಆದರೆ ಚಿಪ್ಪು ತಿನ್ನುವವರು ತಿಳಿದಿರಲೇಬೇಕಾದ ಘಟನೆಯೊಂದಿದೆ. 1983ರಲ್ಲಿ ಕಾಸರಗೋಡಿನ ಕುಂಬಳೆ ಅಳಿವೆಯ ಚಿಪ್ಪು ತಿಂದ ಹಲವರು ಅಸ್ವಸ್ಥರಾದರು. ಒಬ್ಬ ಬಾಲಕ ತೀರಿಕೊಂಡ. ಕಾರಣ ಕೊಳೆತ ಮಾಂಸವಲ್ಲ, ನೀರಿನಲ್ಲಿದ್ದ ಸೂಕ್ಷ್ಮ ಪಾಚಿಯ ವಿಷ. ಚಿಪ್ಪುಜೀವಿ ಊಟ ಮಾಡುವುದೇ ನೀರನ್ನು ಸೋಸಿ. ನೀರಿನಲ್ಲಿ ಏನಿದೆಯೋ ಅದು ಅದರ ಮೈಯಲ್ಲಿ ಸಂಗ್ರಹವಾಗುತ್ತದೆ. ಕೆಲವು ಜಾತಿಯ ಪಾಚಿ ವಿಪರೀತ ಹೆಚ್ಚಿದ ದಿನಗಳಲ್ಲಿ ಆ ವಿಷ ಚಿಪ್ಪಿಗೇನೂ ಮಾಡದೆ, ತಿಂದ ಮನುಷ್ಯನ ನರಗಳನ್ನು ಹಿಡಿಯುತ್ತದೆ. ತುಟಿ, ನಾಲಗೆ ಜುಮುಗುಡುವುದು ಮೊದಲ ಲಕ್ಷಣ. ಮುಂದೆ ಉಸಿರಾಟಕ್ಕೇ ತೊಂದರೆ. ಎಷ್ಟು ಕುದಿಸಿದರೂ ಈ ವಿಷ ಹೋಗುವುದಿಲ್ಲ. ಊರ ಚರಂಡಿಯ ಕೊಳೆಯೂ ಇದೇ ದಾರಿಯಲ್ಲಿ ಚಿಪ್ಪಿಗೆ ಸೇರುತ್ತದೆ. ಹೊಳೆ ಕೆಟ್ಟರೆ ಚಿಪ್ಪು ಕೆಟ್ಟಿತು ಎಂದೇ ಅರ್ಥ. ಹೊಳೆಯ ಮರಳನ್ನು ಬಗೆದು ಲಾರಿಗೆ ತುಂಬುವಾಗ ಚಿಪ್ಪುಜೀವಿಯ ಮನೆಯೂ ಅದರ ಮರಿಯೂ ಒಟ್ಟಿಗೇ ಹೋಗುತ್ತವೆ. ಮರಳಿನ ಜಗಳದಲ್ಲಿ ಗುತ್ತಿಗೆದಾರರ ಮಾತು, ಮನೆ ಕಟ್ಟುವವರ ಮಾತು ಕೇಳಿಬಂದಷ್ಟು ಬುಟ್ಟಿ ಹಿಡಿದ ಹೆಂಗಸರ ಮಾತು ಕೇಳಿಬರುವುದಿಲ್ಲ.

ಇನ್ನು ಚಗಳಿ. ಮಾವು, ಗೇರು, ಹಲಸಿನ ಮರಗಳಲ್ಲಿ ಎಲೆಗಳನ್ನು ಚೆಂಡಿನಂತೆ ಹೊಲಿದು ಗೂಡು ಕಟ್ಟುವ ಕೆಂಪು ಇರುವೆ ಇದು. ಹೊಲಿಯಲು ನೂಲು ಎಲ್ಲಿಂದ? ಕೆಲವು ಇರುವೆಗಳು ಎರಡು ಎಲೆಯ ಅಂಚನ್ನು ಎಳೆದು ಹಿಡಿದರೆ, ಇನ್ನು ಕೆಲವು ತಮ್ಮದೇ ಮರಿಹುಳುವನ್ನು ಬಾಯಲ್ಲಿ ಕಚ್ಚಿ ಅತ್ತಿಂದಿತ್ತ ಆಡಿಸುತ್ತವೆ. ಮರಿಯ ಬಾಯಿಂದ ಬರುವ ರೇಷ್ಮೆಯೇ ದಾರ. ಘಟ್ಟದ ಮೇಲಿನ ಮಲೆನಾಡಿನಲ್ಲಿ, ಉತ್ತರ ಕನ್ನಡದ ಸಿದ್ದಿಯರಲ್ಲಿ ಚಗಳಿ ಚಟ್ನಿ ಹೆಸರುವಾಸಿ. ಗೂಡನ್ನು ಕೊಯ್ದು ಪಾತ್ರೆಗೆ ಕೊಡವಿ, ಬಿಸಿಗೆ ಇರುವೆ ಸತ್ತ ಮೇಲೆ ಹುರಿದು, ಉಪ್ಪು, ಮೆಣಸು, ಬೆಳ್ಳುಳ್ಳಿ, ಕಾಯಿತುರಿ ಸೇರಿಸಿ ಅರೆಯುತ್ತಾರೆ. ಹುಳಿ ಬೇರೆ ಹಾಕಬೇಕಿಲ್ಲ. ಇರುವೆಯ ಮೈಯ ಆಮ್ಲವೇ ಹುಳಿ. ಒಡಿಶಾದ ಮಯೂರ್‌ಭಂಜ್ ಜಿಲ್ಲೆಯ ಇಂಥದೇ ಚಟ್ನಿಗೆ 2024ರ ಜನವರಿಯಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಮರದಲ್ಲಿ ಚಗಳಿ ಇದ್ದರೆ ಗೇರಿನ ಚಿಗುರನ್ನು ಹೀರುವ ಟೀ ಸೊಳ್ಳೆಯ ಕಾಟ ಕಡಿಮೆಯೆಂಬುದೂ ಕಂಡುಬಂದಿದೆ. ಗೇರು ಬೆಳೆಯುವ ಬೈಂದೂರಿನಂಥ ಸೀಮೆಗೆ ಇದು ಗಮನಿಸತಕ್ಕ ವಿಷಯ. ಕೊಯ್ಯುವಾಗ ಕಚ್ಚಿಸಿಕೊಂಡವರು ಮಾತ್ರ ಒಪ್ಪಲಿಕ್ಕಿಲ್ಲ.

‘ಇರುವೆ ತಿನ್ನುವುದೇ?’ ಎಂದು ಮೂಗು ಮುರಿಯುವವರು ಸಂತೋಷದಿಂದ ಚಟ್ಲಿ, ಅಂದರೆ ಸಿಗಡಿ, ತಿನ್ನುತ್ತಾರೆ. ಪ್ರಾಣಿಶಾಸ್ತ್ರದ ಪ್ರಕಾರ ಸಿಗಡಿ, ಏಡಿ, ಇರುವೆ ಮೂರೂ ಒಂದೇ ವಂಶದವು: ಹೊರಗೆ ಚಿಪ್ಪು, ಕೀಲುಕೀಲಾದ ಕಾಲು. ಸಿಗಡಿ ತಿಂದರೆ ಮೈ ತುರಿಸುವವರಿಗೆ ಕೀಟಗಳೂ ಒಗ್ಗದಿರಬಹುದು. ಅಲರ್ಜಿ ತರುವ ಪ್ರೋಟೀನು ಎರಡರಲ್ಲೂ ಒಂದೇ ಬಗೆಯದು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರ ವರದಿಯಲ್ಲಿ ಜಗತ್ತಿನಲ್ಲಿ 1,900ಕ್ಕೂ ಹೆಚ್ಚು ಬಗೆಯ ಕೀಟಗಳು ಆಹಾರವಾಗಿ ಬಳಕೆಯಲ್ಲಿವೆ ಎಂದಿತು. ನಮ್ಮ ಬಯಲುಸೀಮೆಯಲ್ಲಿ ಮೊದಲ ಮಳೆಗೆ ಹುತ್ತದಿಂದೇಳುವ ಈಸಲನ್ನು ಹುರಿದು ತಿನ್ನುವುದು ಹಳೆಯ ರೂಢಿ. ಅರಮನೆಯೇನೂ ಇದಕ್ಕೆ ಹೊರತಲ್ಲ. 12ನೇ ಶತಮಾನದ ಕಲ್ಯಾಣ ಚಾಲುಕ್ಯ ಅರಸ ಮೂರನೇ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಹೊಲದ ಇಲಿಯನ್ನೂ ಆಮೆಯನ್ನೂ ಬೇಯಿಸುವ ಕ್ರಮ ಇದೆ. ರಾಜ ತಿಂದರೆ ಪಾಕಶಾಸ್ತ್ರ, ಕೂಲಿಯವ ತಿಂದರೆ ಜಾತಿಯ ಹೆಸರು ಹಿಡಿದು ಹೀಯಾಳಿಕೆ! ಶಾಲೆಯಲ್ಲಿ ಮಕ್ಕಳು ನಗುತ್ತಾರೆಂದು ಹಿಂದಿನ ರಾತ್ರಿಯ ಊಟವನ್ನೇ ಬಚ್ಚಿಡಬೇಕಾದ ಸ್ಥಿತಿ ಬಂದದ್ದು ಇದರಿಂದಲೇ.

ಹಾಗೆಂದು ಹಿಂದೆ ತಿಂದದ್ದನ್ನೆಲ್ಲ ಇಂದೂ ತಿನ್ನಲಾಗದು. ಕಡಲಾಮೆಯ ಮೊಟ್ಟೆ ಮುಟ್ಟುವುದು ವನ್ಯಜೀವಿ ಕಾಯ್ದೆಯಡಿ ದೊಡ್ಡ ಅಪರಾಧ. ಗದ್ದೆಯ ದೊಡ್ಡ ಕಪ್ಪೆಗೂ ರಕ್ಷಣೆ ಇದೆ. ಕಪ್ಪೆಕಾಲಿನ ರಫ್ತನ್ನು ಸರಕಾರ 1987ರಲ್ಲೇ ನಿಲ್ಲಿಸಿತು. ಕೊಲ್ಲೂರಿನ ಸುತ್ತಿನ ಮೂಕಾಂಬಿಕಾ ಅಭಯಾರಣ್ಯದೊಳಗಿಂದ ಜೇನಿರಲಿ, ಏಡಿಯಿರಲಿ, ಕೇಳದೆ ತರುವಂತಿಲ್ಲ. ಕೀಟನಾಶಕ ಹೊಡೆದ ಗದ್ದೆಯ ಏಡಿ, ಬಸವನಹುಳುವನ್ನು ಕಾನೂನು ತಡೆಯದಿದ್ದರೂ ಆರೋಗ್ಯ ತಡೆಯಬೇಕು.

ನೂಲಹುಣ್ಣಿಮೆಯ ಹೊತ್ತಿಗೆ ಕಡಲು ತಣ್ಣಗಾಗುತ್ತದೆ. ಮೀನುಗಾರರು ಸಮುದ್ರಪೂಜೆ ಮಾಡಿ, ಹಾಲು, ತೆಂಗಿನಕಾಯಿ ಅರ್ಪಿಸುತ್ತಾರೆ. ದೋಣಿಗಳು ಹೊರಟು ಬಂಗುಡೆ, ಬೂತಾಯಿ ಪೇಟೆಗೆ ಬಂದ ಮೇಲೆ ತೋಡಿನ ಏಡಿಯನ್ನು ಕೇಳುವವರಿಲ್ಲ. ಸೂಡಿಗೆಂದು ಕಟ್ಟಿಟ್ಟ ಗರಿ ಬಚ್ಚಲೊಲೆಗೆ ಹೋಗುತ್ತದೆ.