ಟಿವಿಗೆಂದು ಬಂದ ಕೇಬಲ್‌ನಲ್ಲಿ ಇಂಟರ್‌ನೆಟ್: ಹಳೆಯ ತಂತಿಗೆ ಹೊಸ ಕೆಲಸ

ಮುಂಬಯಿ ಮಹಾನಗರದ ಚಾಳ್‌ಗಳಿಂದ ಹಿಡಿದು ಉಪನಗರಗಳ ಹೌಸಿಂಗ್ ಸೊಸೈಟಿಗಳವರೆಗೆ, ಕಟ್ಟಡದಿಂದ ಕಟ್ಟಡಕ್ಕೆ ಜೋತುಬಿದ್ದ ಕಪ್ಪು ಕೇಬಲ್‌ಗಳನ್ನು ನೋಡದವರಿಲ್ಲ. 1994ರಲ್ಲಿ ಉದಯ ಟಿವಿ, 2000ದಲ್ಲಿ ಈಟಿವಿ ಕನ್ನಡ ಆರಂಭವಾದಾಗ ಇಲ್ಲಿನ ಕನ್ನಡಿಗರು ಆ ಚಾನೆಲ್ ಹಾಕಿಸಲು ಹಿಡಿದದ್ದು ತಮ್ಮ ಪರಿಸರದ ಕೇಬಲ್‌ವಾಲಾನನ್ನೇ. ಮುಂದೆ ಅದೇ ತಂತಿ ಕಂಪ್ಯೂಟರಿಗೂ ಬಂತು. ಊರಿನ ಸುದ್ದಿ, ವಿದೇಶದಲ್ಲಿರುವ ಮಕ್ಕಳ ಮಾತು, ಸಂಘದ ಕಾರ್ಯಕ್ರಮ ಎಲ್ಲವೂ ಇಂದು ಇಂಟರ್‌ನೆಟ್‌ನ್ನು ಅವಲಂಬಿಸಿರುವಾಗ ಈ ತಂತಿಯ ಕಥೆ ತಿಳಿದಿರುವುದು ಒಳ್ಳೆಯದು.

ದೂರವಾಣಿಯಿಂದ ಕೇಬಲಿಗೆ

ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಲಭಿಸಿದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಆಗ ದೂರವಾಣಿಯ ತಂತಿಯೇ ಆಧಾರ. ಇಂಟರ್‌ನೆಟ್ ಹಚ್ಚಿದರೆ ಫೋನ್ ಎಂಗೇಜ್, ಮೇಲಿಂದ ಮೀಟರ್ ಓಡುವ ಚಿಂತೆ. ಬಳಿಕ ಬಂದ ಉತ್ತಮ ಮೋಡೆಮ್‌ಗಳ ವೇಗವೂ ಸೆಕೆಂಡಿಗೆ 56 ಕಿಲೋಬಿಟ್ ದಾಟುತ್ತಿರಲಿಲ್ಲ. 5 ಮೆಗಾಬೈಟ್‌ನ ಒಂದು ಹಾಡು ಇಳಿಸಲು ಸುಮಾರು 12 ನಿಮಿಷ ಬೇಕು. 1998ರಲ್ಲಿ ಖಾಸಗಿ ಸಂಸ್ಥೆಗಳಿಗೂ ಬಾಗಿಲು ತೆರೆದಾಗ, ಮನೆಮನೆಗೆ ತಲುಪಿರುವ ಕೇಬಲ್ ಜಾಲವನ್ನೇ ಬಳಸುವ ಯೋಚನೆ ಬಲಗೊಂಡಿತು. ಹೊಸದಾಗಿ ರಸ್ತೆ ಅಗೆಯುವ ಖರ್ಚಿಲ್ಲ ಎಂಬುದೇ ಇದರ ದೊಡ್ಡ ಲಾಭ.

ಒಂದೇ ತಂತಿಯಲ್ಲಿ ಎರಡು ಕೆಲಸ

ಕೇಬಲ್ ತಂತಿಯೆಂದರೆ ಹಲವು ಪಥಗಳ ಹೆದ್ದಾರಿ ಇದ್ದಂತೆ. ಒಂದೊಂದು ಟಿವಿ ಚಾನೆಲ್‌ಗೆ 7 ಅಥವಾ 8 ಮೆಗಾಹರ್ಟ್ಸ್ ಅಗಲದ ಒಂದು ಪಥ. ಖಾಲಿಯಿರುವ ಒಂದು ಪಥವನ್ನು ಇಂಟರ್‌ನೆಟ್‌ಗೆ ಬಿಟ್ಟುಕೊಟ್ಟರೆ ಟಿವಿಗೂ ತೊಂದರೆಯಿಲ್ಲ. ಮನೆಯಲ್ಲಿ ತಂತಿ ಎರಡಾಗಿ ಕವಲೊಡೆದು ಒಂದು ಟಿವಿಗೆ, ಇನ್ನೊಂದು ಕೇಬಲ್ ಮೋಡೆಮ್‌ಗೆ ಹೋಗುತ್ತದೆ. ಈ ವ್ಯವಸ್ಥೆಗೆ ಡಾಕ್ಸಿಸ್ ಎಂಬ ಮಾನದಂಡ 1997ರಲ್ಲಿ ಅಮೆರಿಕದಲ್ಲಿ ರೂಪುಗೊಂಡಿತು. ಅದರ ಯುರೋಪಿನ ಮಾದರಿಯಲ್ಲಿ 8 ಮೆಗಾಹರ್ಟ್ಸ್‌ನ ಒಂದು ಪಥ ಸೆಕೆಂಡಿಗೆ ಸುಮಾರು 50 ಮೆಗಾಬಿಟ್ ಮಾಹಿತಿ ಸಾಗಿಸಬಲ್ಲದು. 2006ರಲ್ಲಿ ಬಂದ ಡಾಕ್ಸಿಸ್ 3.0 ಹಲವು ಪಥಗಳನ್ನು ಒಟ್ಟುಗೂಡಿಸಿ ವೇಗವನ್ನು ಅನೇಕ ಪಟ್ಟು ಹೆಚ್ಚಿಸಿತು.

ಆದರೆ ಟಿವಿಯದು ಏಕಮುಖ ಸಂಚಾರ. ಕೇಬಲ್ ಕಚೇರಿಯಿಂದ ಮನೆಗೆ ಚಿತ್ರ ಬಂದರೆ ಸಾಕು, ಮನೆಯಿಂದ ಹಿಂದಕ್ಕೆ ಏನೂ ಹೋಗಬೇಕಿಲ್ಲ. ಇಂಟರ್‌ನೆಟ್ ಹಾಗಲ್ಲ, ಅಲ್ಲಿ ಉತ್ತರ ಕೊಡಲೂಬೇಕು. ಇದಕ್ಕಾಗಿ ದಾರಿಯುದ್ದದ ಆಂಪ್ಲಿಫೈಯರ್‌ಗಳನ್ನು ಬದಲಿಸಿ ಎರಡೂ ದಿಕ್ಕಿಗೆ ಕೆಲಸ ಮಾಡುವಂಥವನ್ನು ಅಳವಡಿಸಬೇಕಾಯಿತು. ಹಿಂದಿರುಗುವ ಮಾಹಿತಿಗೆ ಸಿಕ್ಕಿದ್ದು ತಂತಿಯ ಕೆಳತುದಿಯ ಕಿರಿದಾದ ಪಥ. ಎಲ್ಲೋ ಒಂದು ಮನೆಯ ಸಡಿಲ ಜೋಡಣೆಯಿಂದ ಒಳನುಗ್ಗಿದ ಗದ್ದಲವೂ ಅದೇ ಪಥ ಹಿಡಿದು ಇಡೀ ಬಡಾವಣೆಗೆ ಕಾಟ ಕೊಡುತ್ತದೆ.

ಸಂಜೆ ಏಕೆ ನಿಧಾನ?

ಬೆಳಿಗ್ಗೆ ಸರಾಗವಾಗಿದ್ದ ಇಂಟರ್‌ನೆಟ್ ರಾತ್ರಿ ಕುಂಟುವುದಕ್ಕೆ ಕಾರಣ ಹಂಚಿಕೆ. 50 ಮೆಗಾಬಿಟ್‌ನ್ನು 200 ಮನೆಗಳು ಏಕಕಾಲಕ್ಕೆ ಬಳಸಿದರೆ ಒಂದೊಂದು ಮನೆಯ ಪಾಲಿಗೆ 250 ಕಿಲೋಬಿಟ್ ಮಾತ್ರ. 2004ರ ಸರಕಾರಿ ನೀತಿಯ ಪ್ರಕಾರ 256 ಕಿಲೋಬಿಟ್ ಇದ್ದರೆ ಅದು ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳುತ್ತಿತ್ತು. ಈ ಮಿತಿ 2013ರಲ್ಲಿ 512 ಕಿಲೋಬಿಟ್‌ಗೆ, 2023ರಲ್ಲಿ 2 ಮೆಗಾಬಿಟ್‌ಗೆ ಏರಿತು.

ಮುಂಬಯಿಯಲ್ಲಿ ‘ಕೇಬಲ್ ಇಂಟರ್‌ನೆಟ್’ ಎಂದು ಕರೆಸಿಕೊಂಡದ್ದೆಲ್ಲ ಟಿವಿ ತಂತಿಯಲ್ಲೇ ಬಂದದ್ದಲ್ಲ ಎಂಬುದೂ ಗಮನಾರ್ಹ. ಅನೇಕ ಕೇಬಲ್‌ವಾಲಾಗಳು ಕಂಪ್ಯೂಟರ್ ಜಾಲದ ಬೇರೆ ತಂತಿಯನ್ನು ತಾರಸಿಯಿಂದ ತಾರಸಿಗೆ ಎಳೆದು ಸಂಪರ್ಕ ಕೊಟ್ಟರು. ಆ ತಂತಿಯ ಮಿತಿ 100 ಮೀಟರ್. ಹೀಗಾಗಿ ಅಲ್ಲಲ್ಲಿ ಸ್ವಿಚ್ ಪೆಟ್ಟಿಗೆ ಇಡಬೇಕು. ಒಂದು ಕಟ್ಟಡದಲ್ಲಿ ಕರೆಂಟು ಹೋದರೆ ಮುಂದಿನ ಕಟ್ಟಡಗಳಿಗೂ ಇಂಟರ್‌ನೆಟ್ ಇಲ್ಲ. ಮಳೆಗಾಲದಲ್ಲಿ ಸಿಡಿಲಿಗೆ ಪೆಟ್ಟಿಗೆ ಸುಡುವುದೂ ಇತ್ತು.

ಕೇಬಲ್‌ವಾಲಾನ ಹೊಟ್ಟೆಪಾಡು

2012ರ ಅಕ್ಟೋಬರ್ 31ರ ಗಡುವಿನೊಂದಿಗೆ ಮುಂಬಯಿಯಲ್ಲಿ ಸೆಟ್‌ಟಾಪ್ ಬಾಕ್ಸ್ ಕಡ್ಡಾಯವಾಯಿತು. ಬಳಿಕ ಮೊಬೈಲಿನಲ್ಲೇ ಧಾರಾವಾಹಿ, ಸಿನಿಮಾ ನೋಡುವ ಕಾಲ ಬಂದು ಕೇಬಲ್ ಕಡಿಸುವ ಮನೆಗಳು ಹೆಚ್ಚಿದವು. ಸ್ಥಳೀಯ ಆಪರೇಟರನಿಗೆ ಈಗ ಟಿವಿಗಿಂತ ಇಂಟರ್‌ನೆಟ್ಟೇ ಆಸರೆ. ಅವನ ಕೈಯಲ್ಲಿರುವ ಆಸ್ತಿಯೆಂದರೆ ಕಟ್ಟಡದೊಳಗಿನ ದಾರಿ ಮತ್ತು ಮನೆಯವರ ಪರಿಚಯ. ದೊಡ್ಡ ಸಂಸ್ಥೆಗಳಿಗೂ ಬೇಕಾದದ್ದು ಅದೇ. 2018ರಲ್ಲಿ ರಿಲಯನ್ಸ್ ಸಂಸ್ಥೆ ಹಾಥ್‌ವೇ ಮತ್ತು ಡೆನ್ ಕೇಬಲ್ ಸಂಸ್ಥೆಗಳ ಬಹುಪಾಲು ಷೇರು ಖರೀದಿಗೆ ಮುಂದಾಯಿತು. 2019ರಲ್ಲಿ ಅದರ ಫೈಬರ್ ಸೇವೆ ಆರಂಭವಾಯಿತು. ಇಂದು ಎಷ್ಟೋ ಆಪರೇಟರುಗಳು ತಾವೇ ಫೈಬರ್ ಎಳೆದು ಇಂಟರ್‌ನೆಟ್ ಸಂಸ್ಥೆಗಳ ಪರವಾಗಿ ಸಂಪರ್ಕ ಕೊಡುತ್ತಿದ್ದಾರೆ.

ಸಂಘಗಳಿಗೆ ಕಿವಿಮಾತು

2020ರ ಲಾಕ್‌ಡೌನ್ ಬಳಿಕ ತಾಳಮದ್ದಳೆ, ಕವಿಗೋಷ್ಠಿಗಳನ್ನು ಸಭಾಗೃಹದಿಂದ ನೇರಪ್ರಸಾರ ಮಾಡಿ ಊರಿನವರಿಗೂ ತಲುಪಿಸುವ ರೂಢಿ ಬೆಳೆದಿದೆ. ಇಲ್ಲಿ ಬೇಕಾಗುವುದು ಇಳಿಸುವ ವೇಗವಲ್ಲ, ಏರಿಸುವ ವೇಗ. ಸ್ಪಷ್ಟ ಚಿತ್ರಕ್ಕೆ ಸೆಕೆಂಡಿಗೆ 3ರಿಂದ 5 ಮೆಗಾಬಿಟ್ ಬಿಡದೆ ಮೇಲೆ ಹೋಗುತ್ತಿರಬೇಕು. ಟಿವಿ ತಂತಿಯ ದುರ್ಬಲ ಭಾಗವೇ ಇದು. ಜಾಹೀರಾತಿನಲ್ಲಿ 100 ಮೆಗಾಬಿಟ್ ಎಂದಿದ್ದರೂ ಏರಿಸುವ ಪಾಲು ಅದರ ಒಂದು ತುಣುಕು ಮಾತ್ರ ಇರಬಹುದು. ಹೊಸ ಸಂಪರ್ಕ ಪಡೆಯುವ ಮುನ್ನ ಸಂಘಗಳ ಪದಾಧಿಕಾರಿಗಳು ಮತ್ತು ಸೊಸೈಟಿಯವರು ಮೂರು ಪ್ರಶ್ನೆ ಕೇಳುವುದು ಸೂಕ್ತ. ಮನೆಯವರೆಗೂ ಫೈಬರ್ ಇದೆಯೇ? ಏರಿಸುವ ವೇಗ ಎಷ್ಟು? ಕರೆಂಟು ಹೋದಾಗ ಪೆಟ್ಟಿಗೆಗೆ ಬ್ಯಾಟರಿ ಇದೆಯೇ?

ಜೊತೆಗೆ, ಕಾರ್ಯಕ್ರಮದ ಮುನ್ನಾದಿನ ಅದೇ ಹೊತ್ತಿಗೆ, ಅಂದರೆ ನೆರೆಹೊರೆಯ ಮನೆಗಳೆಲ್ಲ ಇಂಟರ್‌ನೆಟ್ ಬಳಸುವ ಸಂಜೆಯ ವೇಳೆಗೇ ಒಮ್ಮೆ ಪರೀಕ್ಷಿಸಿ ನೋಡಬೇಕು. ಆಗ ಭಾಗವತರ ಪದ್ಯ ಅರ್ಧಕ್ಕೆ ನಿಲ್ಲದೆ ಊರಿನ ಮನೆಯನ್ನು ತಲುಪೀತು.