ಕಿಡ್ನಿ ಚಿಕಿತ್ಸೆಗೆ ಎಚ್‌ಐವಿ ಅಡ್ಡಿಯಲ್ಲ

ದಕ್ಷಿಣ ಆಫ್ರಿಕಾದ ಸರ್ಕಾರಿ ಆಸ್ಪತ್ರೆಗಳಲ್ಲಿ ಡಯಾಲಿಸಿಸ್ ಯಂತ್ರಗಳಿಗೆ ಬಹಳ ಕಾಲದಿಂದ ಬರ. ಮುಂದೆ ಕಿಡ್ನಿ ಕಸಿಗೆ ಅರ್ಹರಾಗಬಲ್ಲವರಿಗೇ ಅಲ್ಲಿ ಸರದಿ ಸಿಗುತ್ತಿತ್ತು. ಎಚ್‌ಐವಿ ಇದ್ದವರಿಗೆ ಕಸಿ ಇರಲಿಲ್ಲ. ಕಸಿ ಇಲ್ಲದ ಮೇಲೆ ಡಯಾಲಿಸಿಸ್ಸೂ ಇರಲಿಲ್ಲ. ಕಿಡ್ನಿ ಪೂರ್ತಿ ಕೆಟ್ಟರೆ ಸಾವೇ ಗತಿಯಾಗಿತ್ತು. ಅತ್ತ ಮಿದುಳು ನಿಷ್ಕ್ರಿಯಗೊಂಡ ದಾನಿಯ ರಕ್ತದಲ್ಲಿ ಎಚ್‌ಐವಿ ಕಂಡರೆ ಅವರ ಕಿಡ್ನಿಗಳು ಯಾರಿಗೂ ಬೇಡವಾಗುತ್ತಿದ್ದವು.

ಕೇಪ್‌ಟೌನ್‌ನ ಗ್ರೂಟ್ ಸ್ಕೂರ್ ಆಸ್ಪತ್ರೆಯ ಶಸ್ತ್ರವೈದ್ಯೆ ಎಲ್ಮಿ ಮುಲ್ಲರ್ 2008ರಲ್ಲಿ ಸೋಂಕಿತ ದಾನಿಯ ಕಿಡ್ನಿಯನ್ನು ಸೋಂಕಿತ ರೋಗಿಗೇ ಕಸಿ ಮಾಡಿದರು. 2015ರಲ್ಲಿ ಅವರ ತಂಡ ಇಂಥ 27 ರೋಗಿಗಳ ವಿವರ ಪ್ರಕಟಿಸಿತು. ಐದು ವರ್ಷ ಬದುಕುಳಿದವರ ಪ್ರಮಾಣ ಶೇ 74. ದೇಹವು ಹೊಸ ಕಿಡ್ನಿಯನ್ನು ತಿರಸ್ಕರಿಸದಂತೆ ರೋಗನಿರೋಧಕ ಶಕ್ತಿಯನ್ನೇ ತಗ್ಗಿಸಬೇಕಾಗುತ್ತದೆ. ಆಗ ವೈರಸ್ ತಲೆಯೆತ್ತೀತೆಂಬ ಭಯವಿತ್ತು. ಎಚ್‌ಐವಿಯನ್ನು ಹತ್ತಿಕ್ಕುವ ಎಆರ್‌ಟಿ ಮಾತ್ರೆ ತಪ್ಪದೆ ನುಂಗಿದ ಈ ರೋಗಿಗಳಲ್ಲಿ ಹಾಗಾಗಲಿಲ್ಲ. ವೈದ್ಯಕೀಯ ಧೈರ್ಯ ಎಂದರೆ ನನಗೆ ಇದು.

ಮದ್ದುಗಳ ಹೊಂದಾಣಿಕೆಯಲ್ಲಿ ಮಾತ್ರ ಕಟ್ಟೆಚ್ಚರ ಬೇಕು. ಕಸಿಯಾದವರು ತಿರಸ್ಕಾರ ತಡೆಯುವ ಟ್ಯಾಕ್ರೋಲಿಮಸ್ಸನ್ನು ಸಾಮಾನ್ಯವಾಗಿ ದಿನಕ್ಕೆರಡು ಹೊತ್ತು ನುಂಗುತ್ತಾರೆ. ಎಚ್‌ಐವಿಗೆ ಕೊಡುವ ರಿಟೊನಾವಿರ್, ಟ್ಯಾಕ್ರೋಲಿಮಸ್ ಯಕೃತ್ತಿನಲ್ಲಿ ಕರಗಿಹೋಗದಂತೆ ತಡೆಯುವುದರಿಂದ ಎರಡನ್ನೂ ಸೇವಿಸುವವರಿಗೆ ವಾರಕ್ಕೊಮ್ಮೆ ಅರ್ಧ ಮಿಲಿಗ್ರಾಮೇ ಸಾಕಾಗುವುದುಂಟು. ಹೆಚ್ಚಾದರೆ ಹೊಸ ಕಿಡ್ನಿಗೇ ಕುತ್ತು. ಎಚ್‌ಐವಿಯ ಇನ್ನೊಂದು ಮದ್ದಾದ ಡೊಲುಟೆಗ್ರಾವಿರ್‌ನಿಂದ ಈ ತೊಡಕಿಲ್ಲ.

ಕಸಿಯವರೆಗೆ ಹೋಗದಂತೆ ನೋಡಿಕೊಳ್ಳುವುದು ಇನ್ನೂ ಮೇಲು. ಎಚ್‌ಐವಿ ವೈರಸ್ಸೇ ಕಿಡ್ನಿಯ ಸೋಸುವ ಕೋಶಗಳಿಗೆ ನುಗ್ಗಿ ಹಾಳುಮಾಡಬಲ್ಲದು. ಮೂತ್ರದಲ್ಲಿ ಪ್ರೋಟೀನ್ ಸೋರತೊಡಗುತ್ತದೆ, ನೊರೆ ಕಾಣುತ್ತದೆ. ಅದಕ್ಕೆ ಮೊದಲ ಮದ್ದು ಎಆರ್‌ಟಿಯೇ. ಸೋರಿಕೆ ತಗ್ಗಿಸಲು ಕೆಲವು ರಕ್ತದೊತ್ತಡದ ಮಾತ್ರೆಗಳನ್ನೂ ಕೊಡುತ್ತಾರೆ. ನಮ್ಮ ಎಆರ್‌ಟಿ ಕೇಂದ್ರಗಳಲ್ಲಿ ಹೆಚ್ಚಿನವರಿಗೆ ಸಿಗುವ ಒಂದೇ ಮಾತ್ರೆಯಲ್ಲಿ ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಇರುತ್ತವೆ. ಇವುಗಳಲ್ಲಿ ಟೆನೊಫೊವಿರ್ ಕೆಲವರ ಕಿಡ್ನಿಯ ನಾಳಗಳಿಗೆ ಪೆಟ್ಟು ಕೊಡುತ್ತದೆ. ಆಗ ವೈದ್ಯರು ಅದನ್ನು ಬದಲಿಸುತ್ತಾರೆ. ಡೊಲುಟೆಗ್ರಾವಿರ್ ಕಿಡ್ನಿಗೆ ಹಾನಿ ಮಾಡದೆಯೇ ಕಿಡ್ನಿ ಪರೀಕ್ಷೆಯ ಕ್ರಿಯಾಟಿನಿನ್ ಅಂಕಿಯನ್ನು ತುಸು ಏರಿಸುತ್ತದೆ. ಆದ್ದರಿಂದ ವರದಿ ನೋಡಿ ಗಾಬರಿಯಿಂದ ಮಾತ್ರೆ ನಿಲ್ಲಿಸಬಾರದು.

ಡಯಾಲಿಸಿಸ್ ಬೇಕಾದಾಗ ನಮ್ಮಲ್ಲಿ ಎಷ್ಟೋ ಕಡೆ ಎಚ್‌ಐವಿ ಇದ್ದವರನ್ನು ಪ್ರತ್ಯೇಕ ಯಂತ್ರ ಇಲ್ಲವೆಂದು ಹೇಳಿ ಕಳಿಸಿಬಿಡುತ್ತಾರೆ. ಪ್ರತ್ಯೇಕ ಯಂತ್ರ ಬೇಕಿರುವುದು ಹೆಪಟೈಟಿಸ್ ಬಿ ಇದ್ದವರಿಗೆ. ಎಚ್‌ಐವಿಗೆ ಅದರ ಅಗತ್ಯವಿಲ್ಲ. ಎಲ್ಲ ರೋಗಿಗಳಿಗೂ ಪಾಲಿಸಬೇಕಾದ ಶುಚಿತ್ವದ ನಿಯಮಗಳೇ ಸಾಕು. 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿರುವ ಭಾರತದ 2017ರ ಎಚ್‌ಐವಿ ಕಾಯ್ದೆ ಆರೋಗ್ಯ ಸೇವೆಯಲ್ಲಿ ತಾರತಮ್ಯವನ್ನು ನಿಷೇಧಿಸಿದೆ. ನಿಮ್ಮನ್ನೋ ನಿಮ್ಮವರನ್ನೋ ಯಾರಾದರೂ ವಾಪಸ್ ಕಳಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ, ಎಆರ್‌ಟಿ ಕೇಂದ್ರದ ಆಪ್ತಸಮಾಲೋಚಕರಿಗೆ ತಿಳಿಸಿ.